ಸಿಪ್ಪೆಯೊಡನೆ ಹುದುಗುವ ಬಿಳಿ ದ್ರಾಕ್ಷಿ: ಕಖೇತಿಯ ಗುಡಾಣದ ವೈನ್

ಬಿಳಿ ದ್ರಾಕ್ಷಿಯಿಂದ ವೈನ್ ತಯಾರಿಸುವ ರೂಢಿಯ ಕ್ರಮದಲ್ಲಿ, ಹಣ್ಣನ್ನು ಜಜ್ಜಿದ ಕೆಲವೇ ಗಂಟೆಗಳೊಳಗೆ ರಸವನ್ನು ಸಿಪ್ಪೆ, ಬೀಜಗಳಿಂದ ಬೇರ್ಪಡಿಸಿ ರಸವನ್ನು ಮಾತ್ರ ಹುದುಗಲು ಬಿಡಲಾಗುತ್ತದೆ. ಕೆಂಪು ವೈನಿನಲ್ಲಿ ಹಾಗಲ್ಲ. ಬಣ್ಣವೂ ಒಗರೂ ಸಿಪ್ಪೆಯಲ್ಲಿಯೇ ಇರುವುದರಿಂದ ರಸವು ಸಿಪ್ಪೆಯೊಡನೆಯೇ ಹುದುಗಬೇಕು. ಇವೆರಡೂ ಅಲ್ಲದ ಇನ್ನೊಂದು ಕ್ರಮವಿದೆ. ಬಿಳಿ ದ್ರಾಕ್ಷಿಯನ್ನೇ ಕೆಂಪು ದ್ರಾಕ್ಷಿಯಂತೆ ನಡೆಸಿ, ಸಿಪ್ಪೆ, ಬೀಜ, ಗೊಂಚಲಿನ ಕಡ್ಡಿ ಎಲ್ಲವನ್ನೂ ತಿಂಗಳುಗಟ್ಟಲೆ ರಸದಲ್ಲಿ ನೆನೆಯಬಿಡುವುದು ಆ ಕ್ರಮ. ಹೀಗೆ ಸಿದ್ಧವಾದ ವೈನ್ ಬಿಳಿಯಾಗಿರುವುದಿಲ್ಲ. ಜೇನುತುಪ್ಪದ ಬಣ್ಣಕ್ಕೆ ತಿರುಗಿ, ಚಹಾದ ಡಿಕಾಕ್ಷನ್ನಿನಂತಹ ಒಗರನ್ನು ಪಡೆದಿರುತ್ತದೆ. ಕಾಕಸಸ್ ಪರ್ವತಗಳ ತಪ್ಪಲಿನ ಜಾರ್ಜಿಯಾ ದೇಶದಲ್ಲಿ, ಮುಖ್ಯವಾಗಿ ಅದರ ಪೂರ್ವಭಾಗದ ಕಖೇತಿ ಪ್ರಾಂತದಲ್ಲಿ, ಸಣ್ಣ ಹಿಡುವಳಿಯ ಕುಟುಂಬಗಳು ಈ ಕ್ರಮವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ.

ಜಾರ್ಜಿಯಾದಲ್ಲಿ ವೈನ್ ತಯಾರಿಕೆ ಬಹು ಹಳೆಯದು. ರಾಜಧಾನಿ ತ್ಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾ ಮತ್ತು ಶುಲಾವೆರಿಸ್ ಗೋರಾ ಎಂಬ ಹಳೆಯ ನೆಲೆಗಳಲ್ಲಿ ದೊರೆತ ಮಡಕೆ ಚೂರುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ದ್ರಾಕ್ಷಿಯ ವಿಶೇಷ ಆಮ್ಲವಾದ ಟಾರ್ಟಾರಿಕ್ ಆಮ್ಲದ ಅಂಶ ಕಂಡುಬಂದಿತು. 2017ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಆ ಚೂರುಗಳು ಕ್ರಿ.ಪೂ. 6000ದಿಂದ 5800ರ ಕಾಲದವು. ಹೂತಿಟ್ಟ ಗುಡಾಣದಲ್ಲಿ ವೈನ್ ಮಾಡುವ ವಿಧಾನವನ್ನು ಯುನೆಸ್ಕೋ ಸಂಸ್ಥೆ 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ದ್ರಾಕ್ಷಿ ಬೆಳೆಗಾರನ ದೃಷ್ಟಿಯಿಂದ ಹಳಮೆಗಿಂತ ಮುಖ್ಯವಾದುದು ಬೇರೆ ಇದೆ. ಯಂತ್ರ, ವಿದ್ಯುತ್ತು, ಶೈತ್ಯಾಗಾರ ಯಾವುದೂ ಇಲ್ಲದೆ, ವರ್ಷದ ಬೆಳೆಯನ್ನೆಲ್ಲ ಒಂದೇ ಮಣ್ಣಿನ ಪಾತ್ರೆಗೆ ತುಂಬಿ ಆರು ತಿಂಗಳು ಕೆಡದಂತೆ ಇಡುವುದು ಹೇಗೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ತಳಿ ಮತ್ತು ತೋಟ

ಕಖೇತಿಯ ದ್ರಾಕ್ಷಿ ತೋಟಗಳು ಹೆಚ್ಚಾಗಿ ಅಲಜಾನಿ ನದಿಯ ಕಣಿವೆಯಲ್ಲಿವೆ. ಉತ್ತರಕ್ಕೆ ಹಿಮ ಹೊದ್ದ ಕಾಕಸಸ್ ಶ್ರೇಣಿ, ದಕ್ಷಿಣಕ್ಕೆ ಗೊಂಬೋರಿ ಬೆಟ್ಟಗಳು. ಪ್ರಾಂತದ ಮುಖ್ಯ ಪಟ್ಟಣ ತೆಲಾವಿ. ಬೇಸಿಗೆ ಬಿಸಿಯಾಗಿದ್ದು ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಎಲೆಯುದುರಿಸಿ ವಿಶ್ರಾಂತಿ ಪಡೆಯುತ್ತದೆ. ಕರ್ನಾಟಕದಲ್ಲಿರುವಂತೆ ಏಪ್ರಿಲ್ ಮತ್ತು ಅಕ್ಟೋಬರ್ ಎಂದು ಎರಡು ಸವರುವಿಕೆಗಳಿಲ್ಲ, ಚಪ್ಪರವೂ ವಿರಳ. ಬಳ್ಳಿಗಳನ್ನು ತಂತಿಯ ಸಾಲಿಗೆ ಹಬ್ಬಿಸಿ, ವರ್ಷಕ್ಕೊಮ್ಮೆ ಸವರಿ ಒಂದೇ ಬೆಳೆ ತೆಗೆಯುತ್ತಾರೆ. ಆಲಿಕಲ್ಲಿನ ಕಾಟ ಅಲ್ಲಿಯೂ ತಪ್ಪಿದ್ದಲ್ಲ.

ಬಿಳಿ ತಳಿಗಳಲ್ಲಿ ಮುಖ್ಯವಾದುದು ರ್ಕತ್ಸಿತೆಲಿ. ಬಳ್ಳಿಯ ಕೆಂಪು ಕಡ್ಡಿಯಿಂದ ಈ ಹೆಸರು ಬಂದಿದೆ. ತಡವಾಗಿ ಪಕ್ವವಾಗುವ ಈ ತಳಿ ಸಕ್ಕರೆ ಚೆನ್ನಾಗಿ ಏರಿದ ಮೇಲೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಜೊತೆಗೆ ಮ್ತ್ಸ್ವಾನೆ, ಕಿಸಿ, ಖಿಖ್ವಿ ಎಂಬ ತಳಿಗಳೂ ಇವೆ. ಇವು ಪರಿಮಳಕ್ಕೆ ಹೆಸರಾದವು. ಹುಳಿಯ ಮಾತನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ಸಿಪ್ಪೆ, ಕಡ್ಡಿಗಳೊಡನೆ ದೀರ್ಘಕಾಲ ನೆನೆದಾಗ ಅವುಗಳಲ್ಲಿನ ಪೊಟ್ಯಾಶ್ ಅಂಶ ರಸಕ್ಕಿಳಿದು ಹುಳಿಯನ್ನು ತಗ್ಗಿಸುತ್ತದೆ. ಮೊದಲೇ ಹುಳಿ ಕಡಿಮೆಯಿರುವ ತಳಿಯಾದರೆ ವೈನ್ ಸಪ್ಪೆಯಾಗುವುದಷ್ಟೇ ಅಲ್ಲ, ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬಾಗಿಲು ತೆರೆದಂತಾಗುತ್ತದೆ.

ಗುಡಾಣ

ಪಾತ್ರೆಗೆ ಅಲ್ಲಿನವರು ಕ್ವೆವ್ರಿ ಎನ್ನುತ್ತಾರೆ. ಪಶ್ಚಿಮದ ಇಮೆರೆತಿ ಪ್ರಾಂತದಲ್ಲಿ ಇದಕ್ಕೆ ಚುರಿ ಎಂದು ಹೆಸರು. ಮೊಟ್ಟೆಯ ಆಕಾರದ, ತಳ ಚೂಪಾದ, ಹಿಡಿಯಿಲ್ಲದ ಮಣ್ಣಿನ ಗುಡಾಣವಿದು. ಮನೆ ಬಳಕೆಗೆ ನೂರಿನ್ನೂರು ಲೀಟರಿನವೂ ಉಂಟು, ಎರಡು ಮೂರು ಸಾವಿರ ಲೀಟರಿನವೂ ಉಂಟು. ಇದನ್ನು ತಿಗರಿಯ ಮೇಲೆ ಮಾಡಲಾಗದು. ಕುಂಬಾರನು ಮಣ್ಣಿನ ದಪ್ಪ ಹುರಿಯನ್ನು ಸುತ್ತು ಸುತ್ತಾಗಿ ಏರಿಸುತ್ತ ಹೋಗುತ್ತಾನೆ. ಒಂದು ಸುತ್ತು ಗಟ್ಟಿಯಾದ ಮೇಲೆಯೇ ಮುಂದಿನದು. ಹೀಗಾಗಿ ಒಂದು ದೊಡ್ಡ ಗುಡಾಣ ಮೇಲೇಳಲು ವಾರಗಳೇ ಹಿಡಿಯುತ್ತವೆ. ಒಣಗಿದ ಮೇಲೆ ಸುಮಾರು 1000 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಹಲವು ದಿನ ಸೌದೆಯ ಆವಿಗೆಯಲ್ಲಿ ಸುಡುತ್ತಾರೆ. ಇನ್ನೂ ಬೆಚ್ಚಗಿರುವಾಗಲೇ ಒಳಮೈಗೆ ಜೇನುಮೇಣ ಸವರಲಾಗುತ್ತದೆ. ಮೇಣ ಮಣ್ಣಿನ ರಂಧ್ರಗಳೊಳಗೆ ಇಳಿದು ವೈನ್ ಜಿನುಗುವುದನ್ನು ತಡೆಯುತ್ತದೆ, ತೊಳೆಯುವುದನ್ನು ಸುಲಭ ಮಾಡುತ್ತದೆ. ಹೊರಮೈಗೆ ಬಲಕ್ಕಾಗಿ ಸುಣ್ಣದ ಗಾರೆ ಬಳಿಯುವುದೂ ಉಂಟು. ಕಖೇತಿಯ ವರ್ದಿಸುಬಾನಿ, ಇಮೆರೆತಿಯ ಶ್ರೋಶಾ ಮತ್ತು ಮಕತುಬಾನಿ ಈ ಕಸುಬಿಗೆ ಹೆಸರಾದ ಹಳ್ಳಿಗಳು. ಕಸುಬು ಬಲ್ಲ ಕುಟುಂಬಗಳು ಈಗ ಕೆಲವೇ ಉಳಿದಿವೆ.

ಇಂತಹ ಗುಡಾಣವನ್ನು ಕೊರಳಿನವರೆಗೆ ನೆಲದಲ್ಲಿ ಹೂಳುತ್ತಾರೆ. ಹೂತ ಮೇಲೆ ಅದನ್ನು ಮತ್ತೆ ತೆಗೆಯುವ ಮಾತಿಲ್ಲ. ಬಿರುಕೊಂದು ಕಣ್ತಪ್ಪಿ ಉಳಿದಿದ್ದರೆ ಅದು ಗೊತ್ತಾಗುವುದು ರಸ ಸುರಿದ ಮೇಲೆ. ಅಷ್ಟರಲ್ಲಿ ವರ್ಷದ ದುಡಿಮೆ ಭೂಮಿಯ ಪಾಲಾಗಿರುತ್ತದೆ. ಆದ್ದರಿಂದಲೇ ಗುಡಾಣ ಕೊಳ್ಳುವುದರಲ್ಲಿ ಅವಸರ ಮಾಡುವವರಿಲ್ಲ. ಹೀಗೆ ಹೂತ ಗುಡಾಣಗಳಿರುವ ಕೋಣೆಗೆ ಮರಾನಿ ಎಂದು ಹೆಸರು. ಹಳ್ಳಿಯ ಮನೆಗಳಲ್ಲಿ ಇದು ದಾಸ್ತಾನು ಕೋಣೆಯಂತೆ ಮನೆಗೆ ಹೊಂದಿಕೊಂಡೇ ಇರುತ್ತದೆ. ಕೆಲವೆಡೆ ಗುಡಾಣಗಳು ಹಿತ್ತಲಿನ ಬಯಲಲ್ಲಿಯೇ ಇರುತ್ತವೆ.

ಹೂಳುವುದರ ಗುಟ್ಟು ಸರಳ. ಭೂಮಿಯ ಮೇಲ್ಪದರ ಹಗಲಿರುಳು ಕಾದು ಆರುತ್ತಿದ್ದರೂ ಒಂದೆರಡು ಮಾರು ಆಳದಲ್ಲಿ ಉಷ್ಣತೆ ಹೆಚ್ಚು ಏರಿಳಿಯುವುದಿಲ್ಲ. ಆ ಸ್ಥಳದ ವರ್ಷದ ಸರಾಸರಿ ಉಷ್ಣತೆಗೆ ಸಮೀಪವಾಗಿಯೇ ನಿಲ್ಲುತ್ತದೆ. ಕಖೇತಿಯಲ್ಲಿ ಇದು 13-15 ಡಿಗ್ರಿ. ವೈನ್ ಇಡಲು ಇದಕ್ಕಿಂತ ಒಳ್ಳೆಯ ಉಷ್ಣತೆ ಬೇಕಿಲ್ಲ. ಜೋಳ ಕೆಡದಂತೆ ಹಗೇವಿನಲ್ಲಿ ತುಂಬಿಡುತ್ತಿದ್ದ ಬಯಲುಸೀಮೆಯ ಹಿರಿಯ ರೈತರಿಗೆ ನೆಲದ ಈ ಗುಣ ಹೊಸದೇನಲ್ಲ.

ಕೊಯ್ಲು ಮತ್ತು ತುಳಿತ

ರ್ತ್ವೇಲಿ ಎಂದು ಕರೆಯುವ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ತನಕ ನಡೆಯುತ್ತದೆ. ಪಟ್ಟಣ ಸೇರಿದ ಮಕ್ಕಳು, ನೆಂಟರು, ನೆರೆಯವರು ಬಂದು ಸೇರುತ್ತಾರೆ. ಸಕ್ಕರೆಯ ಅಂಶ 22-24 ಬ್ರಿಕ್ಸ್ ತಲುಪಿದಾಗ ಹಣ್ಣು ಕೊಯ್ಲಿಗೆ ಸಿದ್ಧವೆಂದು ಲೆಕ್ಕ. ಒಂದು ಲೀಟರು ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಹುದುಗಿದಾಗ ಶೇ. 1ರಷ್ಟು ಮದ್ಯಸಾರ ಉಂಟಾಗುತ್ತದೆ. ಆದುದರಿಂದ ಲೀಟರಿಗೆ 220 ಗ್ರಾಂ ಸಕ್ಕರೆಯಿರುವ ರಸದಿಂದ ಶೇ. 13ರ ಆಸುಪಾಸು ಮದ್ಯಸಾರದ ವೈನ್ ದೊರೆಯುತ್ತದೆ.

ಆದರೆ ಈ ವಿಧಾನದಲ್ಲಿ ಸಕ್ಕರೆಯೊಂದನ್ನೇ ನೋಡಿದರೆ ಸಾಲದು. ಕಡ್ಡಿಯೂ ಗುಡಾಣಕ್ಕೆ ಹೋಗುವುದರಿಂದ ಅದು ಬಲಿತು ಕಂದು ಬಣ್ಣಕ್ಕೆ ತಿರುಗಿರಬೇಕು. ಹಸಿರು ಕಡ್ಡಿ ಸೇರಿದರೆ ವೈನಿಗೆ ಹಸಿಸೊಪ್ಪಿನ ವಾಸನೆಯೂ ಕಹಿಯೂ ಬರುತ್ತವೆ. ಅದನ್ನು ಆಮೇಲೆ ತೆಗೆಯುವ ಉಪಾಯವಿಲ್ಲ. ಬೀಜವೂ ಕಂದಾಗಿ, ಕಚ್ಚಿದರೆ ಕಟುಕ್ಕನೆ ಮುರಿಯುವಂತಿರಬೇಕು. ಕಡ್ಡಿ ಬಲಿಯದ ವರ್ಷ ಅನುಭವಿಗಳು ಕಡ್ಡಿಯನ್ನು ಬೇರ್ಪಡಿಸಿ ಸಿಪ್ಪೆ, ಬೀಜಗಳನ್ನಷ್ಟೇ ಹಾಕುತ್ತಾರೆ. ಇಮೆರೆತಿಯ ಹವೆ ಹೆಚ್ಚು ತೇವದ್ದು. ಅಲ್ಲಿಯ ಪದ್ಧತಿಯಲ್ಲಿ ಕಡ್ಡಿಯನ್ನು ಬಿಟ್ಟು ಸಿಪ್ಪೆಯಲ್ಲಿಯೂ ಒಂದು ಪಾಲನ್ನು ಮಾತ್ರ ಸೇರಿಸುತ್ತಾರೆ. ಹವೆಗೆ ತಕ್ಕಂತೆ ಪದ್ಧತಿಯೂ ಬದಲಾಗಿರುವುದು ಗಮನಾರ್ಹ.

ಸಿಪ್ಪೆ ಆರು ತಿಂಗಳು ರಸದಲ್ಲಿ ಕೂರುವುದರಿಂದ ಸಿಪ್ಪೆಯ ಮೇಲಿದ್ದುದೆಲ್ಲವೂ ವೈನಿಗೆ ಇಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ಬೂದಿ ರೋಗಕ್ಕೆ ಸಿಂಪಡಿಸಿದ ಗಂಧಕ ಕೊಯ್ಲಿನವರೆಗೆ ಉಳಿದಿದ್ದರೆ ಹುದುಗುವಾಗ ಕೊಳೆತ ಮೊಟ್ಟೆಯ ನಾತ ಹೊಮ್ಮುತ್ತದೆ. ಕೊಳೆತ ಗೊಂಚಲು ಒಂದಿದ್ದರೂ ಅದರ ಬೂಷ್ಟು ಇಡೀ ಗುಡಾಣಕ್ಕೆ ಹರಡುತ್ತದೆ. ರಸವನ್ನಷ್ಟೇ ಬಳಸುವವನು ಅರೆಬರೆ ಆಯ್ದರೂ ಪಾರಾಗಬಹುದು; ಇಲ್ಲಿ ಅದಕ್ಕೆ ಅವಕಾಶವಿಲ್ಲ.

ಆಯ್ದ ಗೊಂಚಲುಗಳನ್ನು ಸತ್ಸ್ನಖೇಲಿ ಎಂಬ ಮರದ ದೋಣಿಯಲ್ಲಿ ಹಾಕಿ ಕಾಲಿನಿಂದ ತುಳಿಯುವುದು ಹಳೆಯ ರೂಢಿ. ದೊಡ್ಡ ಮರದ ದಿಮ್ಮಿಯನ್ನು ಕೊರೆದು ಇದನ್ನು ಮಾಡಿರುತ್ತಾರೆ. ಕಾಲ್ತುಳಿತದಲ್ಲಿ ಹಣ್ಣು ಒಡೆಯುತ್ತದೆಯೇ ಹೊರತು ಬೀಜ ಜಜ್ಜಿಹೋಗುವುದಿಲ್ಲ. ಬೀಜ ಒಡೆದರೆ ಅದರ ಎಣ್ಣೆ ಮತ್ತು ಕಟು ಒಗರು ರಸಕ್ಕೆ ಸೇರುತ್ತವೆ. ಈಗ ಅನೇಕ ಮನೆಗಳಲ್ಲಿ ಕೈಯಿಂದ ತಿರುಗಿಸುವ ರೋಲರು ಯಂತ್ರ ಬಂದಿದೆ. ಅದರ ರೋಲರುಗಳ ನಡುವಣ ಅಂತರವನ್ನು ಬೀಜ ಒಡೆಯದಂತೆ ಇಟ್ಟುಕೊಂಡರೆ ಅದೂ ಆದೀತು.

ಹುದುಗುವ ಮೂರು ವಾರ

ರಸವನ್ನೂ ಹಿಪ್ಪೆಯನ್ನೂ ಗುಡಾಣಕ್ಕೆ ಸುರಿದು ಸುಮಾರು ನಾಲ್ಕನೆಯ ಮೂರು ಪಾಲು ಮಾತ್ರ ತುಂಬುತ್ತಾರೆ. ಹಿಪ್ಪೆಯ ಸ್ಥಳೀಯ ಹೆಸರು ಚಾಚಾ. ಇದರಿಂದ ಇಳಿಸಿದ ಸಾರಾಯಿಗೂ ಇದೇ ಹೆಸರು. ಹೊರಗಿನ ಯೀಸ್ಟ್ ಹಾಕುವುದಿಲ್ಲ. ಸಿಪ್ಪೆಯ ಮೇಲೆ ಮತ್ತು ಕೋಣೆಯಲ್ಲಿ ಇರುವ ಯೀಸ್ಟ್‌ನಿಂದಲೇ ಎರಡು ಮೂರು ದಿನಗಳಲ್ಲಿ ಹುದುಗು ಏಳುತ್ತದೆ. ಏಳುವ ಅನಿಲ ಸಿಪ್ಪೆ, ಕಡ್ಡಿಗಳನ್ನು ಮೇಲಕ್ಕೆ ಒತ್ತಿ ರಸದ ಮೇಲೆ ದಪ್ಪ ಹೆಂಟೆಯನ್ನು ಕಟ್ಟಿಸುತ್ತದೆ.

ಇಡೀ ವಿಧಾನದಲ್ಲಿ ಅತ್ಯಂತ ಅಪಾಯದ ಹಂತ ಇದೇ. ಮೇಲೆದ್ದ ಹೆಂಟೆ ಗಾಳಿಗೆ ಒಣಗಿದರೆ ಅದರಲ್ಲಿ ವಿನಿಗರ್ ಮಾಡುವ ಬ್ಯಾಕ್ಟೀರಿಯಾ ಬೆಳೆಯುತ್ತವೆ; ಹಣ್ಣಿನ ನೊಣಗಳು ಅವನ್ನು ಗುಡಾಣದಿಂದ ಗುಡಾಣಕ್ಕೆ ಹರಡುತ್ತವೆ. ಜೊತೆಗೆ ಹೆಂಟೆಯೊಳಗೆ ಶಾಖ ತುಂಬಿಕೊಳ್ಳುತ್ತದೆ. ಆದುದರಿಂದ ದಿನಕ್ಕೆ ಮೂರರಿಂದ ಐದು ಬಾರಿ, ರಾತ್ರಿಯೂ ಒಮ್ಮೆ ಎದ್ದು, ಉದ್ದನೆಯ ಮರದ ಕೋಲಿನಿಂದ ಹೆಂಟೆಯನ್ನು ರಸದೊಳಗೆ ಅದ್ದಬೇಕು. ಕಡ್ಡಿಯಿರುವುದರ ಲಾಭ ಇಲ್ಲಿ ಕಾಣುತ್ತದೆ. ಬರಿಯ ಸಿಪ್ಪೆಯ ಹೆಂಟೆ ಮೆತ್ತಿಕೊಂಡು ಬಿಗಿಯಾಗುತ್ತದೆ. ನಡುವೆ ಕಡ್ಡಿಯಿದ್ದರೆ ರಸ ಹರಿಯಲು ಸಂದು ಸಿಗುತ್ತದೆ, ಕೋಲು ಸಲೀಸಾಗಿ ಇಳಿಯುತ್ತದೆ. ಗುಡಾಣ ದೊಡ್ಡದಾದಷ್ಟೂ ಒಳಗಿನ ಶಾಖ ಮಣ್ಣಿಗೆ ಹೋಗುವುದು ನಿಧಾನ. ಸಣ್ಣ ಹಿಡುವಳಿದಾರನಿಗೆ ಸಾವಿರ ಲೀಟರಿನ ಗುಡಾಣವೇ ಸಾಕೆನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಒಂದು ಲೀಟರು ರಸ ಪೂರ್ತಿ ಹುದುಗುವಷ್ಟರಲ್ಲಿ 50 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಾವಿರ ಲೀಟರು ರಸದಿಂದ ಬರುವ ಅನಿಲ ನಾಲ್ಕು ಮೀಟರು ಉದ್ದಗಲದ ಒಂದು ಕೋಣೆಯನ್ನೇ ತುಂಬಬಲ್ಲುದು. ಗಾಳಿಗಿಂತ ಭಾರವಾದ ಈ ಅನಿಲ ನೆಲಮಟ್ಟದಲ್ಲಿ ನಿಲ್ಲುತ್ತದೆ. ಗುಡಾಣದ ಬಾಯಿಯೂ ನೆಲಮಟ್ಟದಲ್ಲಿಯೇ ಇದೆ. ಆದ್ದರಿಂದ ಮರಾನಿಯ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಉರಿಯುವ ಮೇಣದ ಬತ್ತಿಯನ್ನು ಮೊದಲು ತಗ್ಗಿಸಿ ನೋಡುತ್ತಾರೆ. ಬತ್ತಿ ಆರಿದರೆ ಮನುಷ್ಯ ಬಗ್ಗಬಾರದು. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗಿಳಿಯಬಾರದೆಂಬ ಉತ್ತರ ಕರ್ನಾಟಕದ ಎಚ್ಚರಿಕೆಯೂ ಇಂಥದೇ.

ಎರಡು ಮೂರು ವಾರಗಳಲ್ಲಿ ಸಕ್ಕರೆ ಮುಗಿದು ಅನಿಲದ ಒತ್ತಡ ಇಳಿಯುತ್ತಲೇ ಹೆಂಟೆ ತಾನಾಗಿಯೇ ಕೆಳಗೆ ಮುಳುಗುತ್ತದೆ. ಮುಚ್ಚುವ ಕಾಲ ಬಂದಿತೆಂಬುದಕ್ಕೆ ಇದೇ ಗುರುತು.

ಮುಚ್ಚಿದ ಆರು ತಿಂಗಳು

ಹೆಂಟೆ ಮುಳುಗಿದ ಮೇಲೆ ಅದೇ ಬಗೆಯ ಇನ್ನೊಂದು ಗುಡಾಣದ ವೈನಿನಿಂದ ಕಂಠದವರೆಗೆ ತುಂಬಿಸಿ, ಮೊದಲು ಸಡಿಲವಾಗಿ ಮುಚ್ಚುತ್ತಾರೆ. ಈ ಅವಧಿಯಲ್ಲಿ ತೀಕ್ಷ್ಣವಾದ ಮ್ಯಾಲಿಕ್ ಆಮ್ಲ ಬ್ಯಾಕ್ಟೀರಿಯಾಗಳಿಂದ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಅದೂ ಮುಗಿದ ಮೇಲೆ ಕಲ್ಲಿನ ಇಲ್ಲವೆ ಮರದ ಮುಚ್ಚಳವಿಟ್ಟು, ಅಂಚಿಗೆ ಹಸಿ ಜೇಡಿ ಮೆತ್ತಿ, ಮೇಲೆ ಮಣ್ಣು ಅಥವಾ ಮರಳು ಹರಡುತ್ತಾರೆ. ಜೇಡಿ ಒಣಗಿ ಬಿರುಕು ಬಿಟ್ಟರೆ ಗಾಳಿ ಒಳಗೆ ನುಗ್ಗುತ್ತದೆ. ಆದುದರಿಂದ ಚಳಿಗಾಲವಿಡೀ ಆಗಾಗ ನೀರು ಚಿಮುಕಿಸಿ ಅದನ್ನು ತೇವವಾಗಿಡುವುದು ಮನೆಯವರ ಕೆಲಸ. ಈಚೆಗೆ ಗಾಜಿನ ಅಥವಾ ತುಕ್ಕು ಹಿಡಿಯದ ಉಕ್ಕಿನ ಮುಚ್ಚಳಗಳೂ ಬಂದಿವೆ.

ಗುಡಾಣದ ಚೂಪು ತಳದ ಪ್ರಯೋಜನ ಈಗ ದೊರೆಯುತ್ತದೆ. ಭಾರವಾದ ಬೀಜಗಳು ಮೊದಲು ತಳದ ಮೂಲೆಗೆ ಇಳಿಯುತ್ತವೆ. ಅವುಗಳ ಮೇಲೆ ಸತ್ತ ಯೀಸ್ಟಿನ ಗಸಿ, ಆಮೇಲೆ ಸಿಪ್ಪೆ, ಕಡ್ಡಿ. ಬೀಜಗಳು ಗಸಿಯ ಕೆಳಗೆ ಮುಚ್ಚಿಹೋಗುವುದರಿಂದ ಅವುಗಳ ಕಟು ಒಗರು ಮೇಲಿನ ವೈನಿಗೆ ಅಷ್ಟಾಗಿ ತಗಲುವುದಿಲ್ಲ. ಚಪ್ಪಟೆ ತಳದ ತೊಟ್ಟಿಯಲ್ಲಿ ಈ ಅನುಕೂಲವಿಲ್ಲ.

ಸಿಪ್ಪೆಯಿಂದ ಇಳಿದ ಟ್ಯಾನಿನ್ ಎಂಬ ಒಗರು ಪದಾರ್ಥ ಎರಡು ಕೆಲಸ ಮಾಡುತ್ತದೆ. ಒಂದು, ರಸವನ್ನು ಮಬ್ಬಾಗಿಸುವ ಸಸಾರಜನಕದ ಕಣಗಳನ್ನು ಹಿಡಿದು ತಳಕ್ಕೆ ಒಯ್ಯುತ್ತದೆ. ಶೋಧನೆಯಿಲ್ಲದೆ ವೈನ್ ತಿಳಿಯಾಗುತ್ತದೆ. ಇನ್ನೊಂದು, ಆಮ್ಲಜನಕವನ್ನು ತಾನು ಎದುರಿಸಿ ವೈನ್ ಬೇಗ ಹಳಸದಂತೆ ಕಾಯುತ್ತದೆ. ಆದರೆ ಸಿಪ್ಪೆ ಇದ್ದ ಮಾತ್ರಕ್ಕೆ ವೈನ್ ಕೆಡುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಶುಚಿತ್ವ ತಪ್ಪಿದಲ್ಲಿ ಸಿಪ್ಪೆಯೇ ಕೊಳಕಿಗೆ ನೆಲೆಯಾಗುತ್ತದೆ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಗುಡಾಣ ತೆರೆಯುವ ದಿನ ಮನೆಮಂದಿಯೆಲ್ಲ ಸೇರುತ್ತಾರೆ. ಮೊದಲ ಲೋಟ ಮೂಗಿನ ಬಳಿ ಬಂದಾಗಲೇ ವರ್ಷದ ತೀರ್ಮಾನ ತಿಳಿಯುತ್ತದೆ. ವಿನಿಗರ್ ಆಮ್ಲ ಲೀಟರಿಗೆ 1.2 ಗ್ರಾಂ ಮೀರಿದ ವೈನ್ ಅಂತರರಾಷ್ಟ್ರೀಯ ಮಾನಕದಂತೆ ಮಾರಾಟಕ್ಕೆ ಸಲ್ಲದು. ಚೆನ್ನಾಗಿದ್ದರೆ ತಿಳಿಯನ್ನು ಮೆಲ್ಲಗೆ ಎತ್ತಿ, ತೊಳೆದ ಇನ್ನೊಂದು ಗುಡಾಣಕ್ಕೆ ತುಂಬುತ್ತಾರೆ, ಇಲ್ಲವೆ ಬಾಟಲಿಗೆ ಇಳಿಸುತ್ತಾರೆ. ಸಾವಿರ ಲೀಟರಿನ ಗುಡಾಣಕ್ಕೆ ಸುಮಾರು 800 ಕಿ.ಗ್ರಾಂ. ಹಣ್ಣು ಹಿಡಿಯುತ್ತದೆ ಎಂದಿಟ್ಟುಕೊಂಡರೆ ತಿಳಿಯಾದ ವೈನ್ 500 ಲೀಟರಿನ ಆಸುಪಾಸು, ಅಂದರೆ 750 ಮಿ.ಲೀ.ನ 650ರಷ್ಟು ಬಾಟಲಿಗಳು. ಉಳಿದ ಹಿಪ್ಪೆಯನ್ನು ಭಟ್ಟಿಗೆ ಹಾಕುತ್ತಾರೆ.

ತೊಳೆಯುವುದು

ಈ ವಿಧಾನದಲ್ಲಿ ಕುಶಲತೆ ಎಂಬುದು ಬಹುಪಾಲು ತೊಳೆಯುವುದರಲ್ಲಿಯೇ ಇದೆ. ಗುಡಾಣ ಬರಿದಾದ ದಿನವೇ ತೊಳೆಯಬೇಕು. ಮರುದಿನಕ್ಕೆ ಬಿಟ್ಟರೆ ಬೂಷ್ಟು ಮೇಣದೊಳಕ್ಕೆ ಇಳಿಯುತ್ತದೆ. ಚೆರ್ರಿ ಮರದ ತೊಗಟೆಯ ಪದರಗಳನ್ನು ಉದ್ದ ಕೋಲಿನ ತುದಿಗೆ ಪೋಣಿಸಿದ ಕುಂಚ, ಕ್ರಜಾನಾ ಎಂಬ ಮೂಲಿಕೆಯ ಕಟ್ಟು ಇವು ತಿಕ್ಕುವ ಸಾಧನಗಳು. ಬೂದಿನೀರು ಅಥವಾ ಸುಣ್ಣದ ನೀರಿನಿಂದ ತಿಕ್ಕಿ, ಬಿಸಿನೀರಿನಿಂದ ತೊಳೆದು, ಹೊರತೆಗೆದ ನೀರು ಹಾಕಿದಷ್ಟೇ ತಿಳಿಯಾಗಿರುವವರೆಗೆ ಜಾಲಿಸುತ್ತಾರೆ. ಆಮೇಲೆ ಒಳಗೆ ಗಂಧಕ ಸುಟ್ಟು ಹೊಗೆ ಹಿಡಿಸಿ ಮುಚ್ಚುತ್ತಾರೆ. ದೊಡ್ಡ ಗುಡಾಣದೊಳಗೆ ಮನುಷ್ಯನೇ ಇಳಿದು ತಿಕ್ಕುವುದುಂಟು. ಆಗ ಹೊರಗೊಬ್ಬ ಕಾವಲಿರಲೇಬೇಕು.

ಕಾರ್ಖಾನೆಗಳ ಕಾಲದಲ್ಲಿ

ಸೋವಿಯತ್ ಆಡಳಿತದಲ್ಲಿ ಹಣ್ಣಿನ ಬಹುಪಾಲು ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಗುಡಾಣದ ವೈನ್ ಮನೆಯ ಬಳಕೆಗೆಂದು ಹಿತ್ತಲಲ್ಲಿ ಉಳಿದುಕೊಂಡಿತು. 1985ರಲ್ಲಿ ಗೋರ್ಬಚೇವ್ ಕಾಲದ ಪಾನವಿರೋಧಿ ಕಾರ್ಯಕ್ರಮದಲ್ಲಿ ಎಷ್ಟೋ ತೋಟಗಳನ್ನು ಕೀಳಲಾಯಿತು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನನ್ನು ನಿಷೇಧಿಸಿದಾಗ ಒಂದೇ ಪೇಟೆಯನ್ನು ನೆಚ್ಚಿದ್ದ ಬೆಳೆಗಾರರು ಕಂಗಾಲಾದರು. ನಿಷೇಧ ತೆರವಾದದ್ದು 2013ರಲ್ಲಿ. ಈ ನಡುವೆ ಬೇರೆ ದೇಶಗಳಲ್ಲಿ ಕೊಳ್ಳುವವರನ್ನು ಹುಡುಕಬೇಕಾಯಿತು. ಅಲ್ಲಿ ಅಗ್ಗದ ಕಾರ್ಖಾನೆ ವೈನಿಗೆ ಪೈಪೋಟಿ ಹೆಚ್ಚು; ಗುಡಾಣದ ವೈನಿನಂತಹುದು ಮಾತ್ರ ಬೇರೆಯವರಲ್ಲಿ ಇರಲಿಲ್ಲ. ಇಟಲಿಯ ಈಶಾನ್ಯ ಗಡಿಯ ಒಸ್ಲಾವಿಯಾದ ಬೆಳೆಗಾರ ಯೋಷ್ಕೋ ಗ್ರಾವ್ನರ್ 2000ದಲ್ಲಿ ಜಾರ್ಜಿಯಾಕ್ಕೆ ಬಂದು ನೋಡಿ, 2001ರಿಂದ ತಮ್ಮ ರಿಬೊಲ್ಲಾ ದ್ರಾಕ್ಷಿಯನ್ನು ಗುಡಾಣದಲ್ಲಿಯೇ ಹುದುಗಿಸತೊಡಗಿದ್ದರು. ಇಂತಹ ವೈನಿಗೆ ಪೇಟೆಯಲ್ಲಿ ‘ಆರೆಂಜ್ ವೈನ್’ ಎಂಬ ಹೆಸರು ಬಿದ್ದಿದೆ. ಕಿತ್ತಳೆ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಇಂದಿಗೂ ಜಾರ್ಜಿಯಾದ ಒಟ್ಟು ಉತ್ಪಾದನೆಯಲ್ಲಿ ಗುಡಾಣದ ಪಾಲು ಸಣ್ಣದೇ. ಆದರೆ ಹೆಕ್ಟೇರು ಎರಡು ಹೆಕ್ಟೇರು ತೋಟವಿರುವ ಕುಟುಂಬಕ್ಕೆ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕಾರ್ಖಾನೆಗೆ ಹಾಕುವುದಕ್ಕೂ ತನ್ನ ಹೆಸರಿನ ಬಾಟಲಿ ಮಾರುವುದಕ್ಕೂ ಇರುವ ಅಂತರವೇ ಜೀವನದ ಅಂತರ.

ಕರ್ನಾಟಕದ ಬೆಳೆಗಾರರು ಗಮನಿಸಬೇಕಾದದ್ದು

ಈ ಕ್ರಮವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಬೆಂಗಳೂರಿನ ವರ್ಷದ ಸರಾಸರಿ ಉಷ್ಣತೆಯೇ ಸುಮಾರು 24 ಡಿಗ್ರಿ. ವಿಜಯಪುರ, ಬಾಗಲಕೋಟೆಗಳಲ್ಲಿ ಇನ್ನೂ ಹೆಚ್ಚು. ಆದುದರಿಂದ ಇಲ್ಲಿ ಎಷ್ಟು ಆಳಕ್ಕೆ ಹೂತರೂ ಕಖೇತಿಯ ತಂಪು ದೊರೆಯುವುದಿಲ್ಲ. ಕೊಯ್ಲು ಮುಗಿಯುವುದು ಚಳಿಗಾಲದ ಬಾಗಿಲಲ್ಲಿ ಅಲ್ಲ, ಬೇಸಿಗೆಯ ಬಾಗಿಲಲ್ಲಿ. ಹುದುಗಿನ ಶಾಖ ತಗ್ಗಿಸಲು ತಂಪು ಕೋಣೆ ಇಲ್ಲವೆ ತಣ್ಣೀರಿನ ಸುತ್ತುಕೊಳವೆಯುಳ್ಳ ಉಕ್ಕಿನ ತೊಟ್ಟಿ ಬೇಕೇ ಬೇಕು.

ತಳಿಯ ಮಾತೂ ಇದೆ. ಥಾಮ್ಸನ್ ಸೀಡ್‌ಲೆಸ್, ಅನಾಬ್-ಎ-ಶಾಹಿಗಳು ತಿನ್ನುವ ಹಣ್ಣುಗಳು. ಚೋದಕ ಕೊಟ್ಟು ದಪ್ಪ ಮಾಡಿದ ಹಣ್ಣಿನಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆ ಕಡಿಮೆ, ಹುಳಿಯೂ ಕಡಿಮೆ. ನಂದಿ ಬೆಟ್ಟದ ಸುತ್ತಲೂ ಉತ್ತರದ ಕೆಲವು ತೋಟಗಳಲ್ಲೂ ವೈನರಿಗಳಿಗೆಂದು ಬೆಳೆಯುವ ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್ ತಳಿಗಳೇ ಇಂತಹ ಪ್ರಯೋಗಕ್ಕೆ ತಕ್ಕವು. ಅದರಲ್ಲಿಯೂ ಆರು ತಿಂಗಳ ಬದಲು ಕೆಲವು ದಿನಗಳಿಂದ ಒಂದೆರಡು ವಾರದ ಸಿಪ್ಪೆಸಂಗವೇ ಇಲ್ಲಿಯ ಹವೆಗೆ ಹೊಂದುವುದು. ಕಡ್ಡಿಯನ್ನು ಬಿಡುವುದು ಲೇಸು.

ವೈನರಿಯೊಂದು ಸಿಪ್ಪೆಸಹಿತ ಹುದುಗಿಸಲು ಹಣ್ಣು ಕೇಳಿದಲ್ಲಿ ಬೆಳೆಗಾರನು ಬೆಲೆಯನ್ನು ಬೇರೆಯಾಗಿಯೇ ಮಾತಾಡುವುದು ನ್ಯಾಯ. ಔಷಧಿ ಸಿಂಪರಣೆಗೂ ಕೊಯ್ಲಿಗೂ ನಡುವೆ ಇರಬೇಕಾದ ಅಂತರವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಗಂಧಕವನ್ನು ಬೇಗ ನಿಲ್ಲಿಸಬೇಕು, ಕೊಳೆತ ಕಾಯಿಗಳನ್ನು ಕತ್ತರಿಯಿಂದ ಆಯಬೇಕು. ಇದೆಲ್ಲ ಹೆಚ್ಚಿನ ಕೂಲಿಯ ಕೆಲಸ. ಸ್ವಂತವಾಗಿ ವೈನ್ ತಯಾರಿಸಿ ಮಾರಲು ಅಬಕಾರಿ ಪರವಾನಗಿ ಅಗತ್ಯ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ತರುವಾಯ ರಾಜ್ಯದಲ್ಲಿ ಈ ವಿಷಯಕ್ಕೆಂದೇ ವೈನ್ ಮಂಡಳಿ ಸ್ಥಾಪನೆಯಾಗಿದ್ದು, ಗುಡಾಣವನ್ನೋ ತೊಟ್ಟಿಯನ್ನೋ ಕೊಳ್ಳುವ ಮೊದಲು ಅಲ್ಲಿ ವಿಚಾರಿಸತಕ್ಕದ್ದು.